ಊರ ಮೈದಾನ ಮತ್ತು ದೂರದ ಪಂದ್ಯ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ನಗರದ ಹೊರವಲಯದಲ್ಲಿರುವ ಮಗಳ ಮನೆಯಲ್ಲಿ ಕಳೆದ ವರ್ಷ ಕೆಲವು ತಿಂಗಳು ಇದ್ದೆ. ಫೆಬ್ರುವರಿ ಕೊನೆಯಲ್ಲಿ ಬಡಾವಣೆಯ ಕ್ರೀಡಾ ಸಮಿತಿಯಿಂದ ಪೋಷಕರಿಗೆಲ್ಲ ಒಂದು ಪತ್ರ ಬಂತು. ಹತ್ತು ವರ್ಷದೊಳಗಿನ ಬಾಲಕರ ಲ್ಯಾಕ್ರಾಸ್ ತಂಡಕ್ಕೆ ಹಿಂದಿನ ವರ್ಷ ಇಪ್ಪತ್ತು ಮಕ್ಕಳು ಸೇರಿದ್ದರು. ಈ ಸಲ ಹೆಸರು ಕೊಟ್ಟವರು ಏಳೇ ಮಂದಿ. ಆದ್ದರಿಂದ ತಂಡ ಕಟ್ಟಲಾಗುತ್ತಿಲ್ಲ, ಆಸಕ್ತರು ಆರು ಮೈಲಿ ದೂರದ ಪಕ್ಕದ ಬಡಾವಣೆಯ ತಂಡವನ್ನು ಸೇರಬಹುದು ಎಂಬುದು ಪತ್ರದ ಸಾರಾಂಶ. ಬಿಟ್ಟುಹೋದ ಹದಿಮೂರು ಮಕ್ಕಳಲ್ಲಿ ನನ್ನ ಮೊಮ್ಮಗನೂ ಒಬ್ಬ. ಅವನನ್ನು ಆಯ್ಕೆ ಪರೀಕ್ಷೆಗೆ ಕಳುಹಿಸಿ, ಊರೂರು ತಿರುಗಿ ಆಡುವ ಖಾಸಗಿ ‘ಟ್ರಾವೆಲ್’ ತಂಡಕ್ಕೆ ಸೇರಿಸುವ ಮಾತು ಬಂದಾಗ ಮಗಳು ಹಿಂದೇಟು ಹಾಕಿದ್ದಳು. ದುಡ್ಡಿನ ಮುಖ ನೋಡಬೇಡಿ, ಮಗುವಿನ ಮುಂದಿನ ದಾರಿ ನೋಡಿ ಎಂದು ದೂರವಾಣಿಯಲ್ಲಿ ಬುದ್ಧಿ ಹೇಳಿದವನು ನಾನೇ.

ಎದುರುಮನೆಯ ಹುಡುಗ ಆ ಏಳು ಮಂದಿಯಲ್ಲಿ ಒಬ್ಬ. ಅವನ ತಾಯಿ ಆಸ್ಪತ್ರೆಯಲ್ಲಿ ಶನಿವಾರ, ಭಾನುವಾರಗಳಲ್ಲೂ ಪಾಳಿಯ ಮೇಲೆ ದುಡಿಯುವಾಕೆ. ಬಡಾವಣೆಯ ಮೈದಾನಕ್ಕೆ ಅವನು ನಡೆದೇ ಹೋಗುತ್ತಿದ್ದ; ಆರು ಮೈಲಿ ದೂರಕ್ಕೆ ಕರೆದೊಯ್ಯುವವರಿರಲಿಲ್ಲ. ನಮ್ಮ ಮನೆಯವರೇ ಕರೆದೊಯ್ಯಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಆ ಶನಿವಾರಗಳಲ್ಲಿ ನಮ್ಮ ಕಾರು ಬೇರೆ ಕೌಂಟಿಗಳ ದಾರಿಯಲ್ಲಿರುತ್ತಿತ್ತು. ಒಂದೊಂದು ಕುಟುಂಬಕ್ಕೂ ಸರಿಯೆಂದೇ ತೋರಿದ ತೀರ್ಮಾನಗಳು ಒಟ್ಟುಗೂಡಿ ಒಂದು ಬಡಾವಣೆಯ ತಂಡವನ್ನೇ ಇಲ್ಲವಾಗಿಸಿದ ಬಗೆಯನ್ನು ಕಣ್ಣಾರೆ ಕಂಡ ಮೇಲೆ, ಈ ಎರಡು ವ್ಯವಸ್ಥೆಗಳನ್ನು ತೂಗಿ ನೋಡಬೇಕೆನಿಸಿತು.

ಲ್ಯಾಕ್ರಾಸ್ ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ ಆಟ. ತುದಿಯಲ್ಲಿ ಬಲೆಯ ಚೀಲವಿರುವ ಕೋಲಿನಿಂದ ರಬ್ಬರ್ ಚೆಂಡನ್ನು ಹಿಡಿದು, ಹೊತ್ತು ಓಡಿ, ಜೊತೆಗಾರನಿಗೆ ಎಸೆದು, ಎದುರಾಳಿಯ ಗೋಲಿನೊಳಕ್ಕೆ ಹೊಡೆಯುವುದು ಇದರ ತಿರುಳು. ದೊಡ್ಡವರ ಆಟದಲ್ಲಿ ಬಾಲಕರ ತಂಡಕ್ಕೆ ಹತ್ತು ಮಂದಿ; ಚಿಕ್ಕ ಮಕ್ಕಳಿಗೆ ಕಡಿಮೆ ಆಟಗಾರರು, ಕಿರಿದಾದ ಅಂಗಣ. ಬಾಲಕರಿಗೆ ಶಿರಸ್ತ್ರಾಣ, ಭುಜಕವಚ, ಕೈಗವಸುಗಳು ಕಡ್ಡಾಯ. ಮೇರಿಲ್ಯಾಂಡಿನಲ್ಲಿ ಈ ಆಟಕ್ಕಿರುವ ಸ್ಥಾನ ನಮ್ಮಲ್ಲಿ ಕ್ರಿಕೆಟ್ಟಿಗಿರುವ ಸ್ಥಾನಕ್ಕೆ ಹತ್ತಿರವಾದುದು. ರಾಜ್ಯವು 2004ರಲ್ಲಿ ಇದನ್ನು ತನ್ನ ಅಧಿಕೃತ ತಂಡಕ್ರೀಡೆಯೆಂದು ಘೋಷಿಸಿತು. ಅಮೆರಿಕದಲ್ಲಿ ಆಟದ ಆಡಳಿತ ನೋಡಿಕೊಳ್ಳುವ ಯುಎಸ್‌ಎ ಲ್ಯಾಕ್ರಾಸ್ ಸಂಸ್ಥೆಯ ಕೇಂದ್ರ ಕಚೇರಿ ಇರುವುದೂ ಬಾಲ್ಟಿಮೋರ್ ಸಮೀಪದ ಸ್ಪಾರ್ಕ್ಸ್ ಎಂಬಲ್ಲಿ.

ಆಟದ ಮೂಲ ಇನ್ನೂ ಹಿಂದಿನದು. ಇಂದಿನ ನ್ಯೂಯಾರ್ಕ್ ರಾಜ್ಯ ಮತ್ತು ಕೆನಡಾದ ಗಡಿಭಾಗಗಳ ಮೂಲನಿವಾಸಿಗಳಾದ ಹೊಡೆನೊಶೋನಿ ಒಕ್ಕೂಟದ ಜನರಿಗೆ ಇದು ಸೃಷ್ಟಿಕರ್ತನನ್ನು ಸಂತೋಷಪಡಿಸುವ, ರೋಗಿಗೂ ಸಮುದಾಯಕ್ಕೂ ಸ್ವಾಸ್ಥ್ಯ ತರುವ ಆಟ. 1636ರಲ್ಲಿ ಫ್ರೆಂಚ್ ಪಾದ್ರಿ ಜೀನ್ ದ ಬ್ರೆಬಫ್ ಹ್ಯೂರಾನ್ ಜನರ ನಡುವೆ ಕಂಡ ಇಂಥ ಆಟವನ್ನು ಕುರಿತು ಬರೆದ. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ಜಾರ್ಜ್ ಬೀರ್ಸ್ ನಿಯಮಾವಳಿ ರೂಪಿಸಿದ. ಆಟ ಕ್ಲಬ್ಬುಗಳ ಸ್ವತ್ತಾದ ಮೇಲೆ, 1880ರ ವೇಳೆಗೆ, ಮೂಲನಿವಾಸಿ ಆಟಗಾರರನ್ನೇ ಕೆನಡಾದ ಪ್ರಮುಖ ಸ್ಪರ್ಧೆಗಳಿಂದ ಹೊರಗಿಡಲಾಯಿತು. ಪ್ರಯಾಣದ ವೆಚ್ಚಕ್ಕೆಂದು ಹಣ ಪಡೆಯುತ್ತಿದ್ದ ಅವರು ‘ವೃತ್ತಿಪರ’ರೆಂಬುದು ಕೊಟ್ಟ ಕಾರಣ. ಪ್ರಯಾಣದ ವೆಚ್ಚವೇ ಯಾರು ಆಡಬಹುದು, ಯಾರು ಆಡಬಾರದು ಎಂಬುದನ್ನು ನಿರ್ಧರಿಸುವ ಪರಿಪಾಠ ಈ ಆಟಕ್ಕೆ ಹೊಸದೇನಲ್ಲ. 1904 ಮತ್ತು 1908ರ ಒಲಿಂಪಿಕ್ಸ್‌ಗಳಲ್ಲಿ ಸ್ಪರ್ಧೆಯಾಗಿದ್ದ ಲ್ಯಾಕ್ರಾಸ್ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಮರಳಲಿದೆ. ಈ ತೀರ್ಮಾನ ಆದದ್ದು 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ; ನಮ್ಮ ಕ್ರಿಕೆಟ್ಟಿಗೆ ಬಾಗಿಲು ತೆರೆದ ಅದೇ ಅಧಿವೇಶನದಲ್ಲಿ.

ಈಗ ಎರಡು ವ್ಯವಸ್ಥೆಗಳ ವಿಚಾರ. ಸ್ಥಳೀಯ ಕ್ಲಬ್ ಎಂಬುದು ಬಡಾವಣೆಯ ಮಕ್ಕಳಿಗಾಗಿ ಕೌಂಟಿ ಆಡಳಿತದ ಮೈದಾನದಲ್ಲಿ ಸ್ವಯಂಸೇವಕರು ನಡೆಸುವ ವ್ಯವಸ್ಥೆ. ತರಬೇತಿ ಕೊಡುವವರು ಹೆಚ್ಚಾಗಿ ತಂದೆ ತಾಯಂದಿರೇ. ಹೆಸರು ಕೊಟ್ಟ ಮಗುವಿಗೆಲ್ಲ ತಂಡದಲ್ಲಿ ಜಾಗವುಂಟು, ಆಯ್ಕೆ ಪರೀಕ್ಷೆಯಿಲ್ಲ. ಮಾರ್ಚಿಯಿಂದ ಜೂನ್ ಆರಂಭದವರೆಗೆ ಋತು. ಅದು ಮುಗಿದರೆ ಕೋಲನ್ನು ಮೂಲೆಗಿಟ್ಟು ಈಜೋ, ಕಾಲ್ಚೆಂಡೋ ಆಡಬಹುದು. ನನ್ನ ಮೊಮ್ಮಗನಿಗೆ ಇಡೀ ಋತುವಿಗೆ ಕೊಟ್ಟಿದ್ದ ಶುಲ್ಕ 180 ಡಾಲರ್.

ಟ್ರಾವೆಲ್ ತಂಡ ಇದಕ್ಕೆ ಬಹುಪಾಲು ವಿರುದ್ಧ. ಬೇಸಿಗೆಯ ಕೊನೆಗೆ ಆಯ್ಕೆ ಪರೀಕ್ಷೆ, ಶರತ್ಕಾಲದಲ್ಲಿ ಅಭ್ಯಾಸ, ಚಳಿಗಾಲದಲ್ಲಿ ಒಳಾಂಗಣ ತರಬೇತಿ, ವಸಂತದಲ್ಲಿ ಲೀಗ್, ಜೂನ್ ಮತ್ತು ಜುಲೈಗಳಲ್ಲಿ ಅಕ್ಕಪಕ್ಕದ ರಾಜ್ಯಗಳಲ್ಲಿ ಟೂರ್ನಿಗಳು. ಸಂಬಳ ಪಡೆಯುವ ತರಬೇತುದಾರರು. ಅವರಲ್ಲಿ ಹಲವರು ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಆಡಿದವರು. ಸಮವಸ್ತ್ರ, ಚೀಲ, ಶಿರಸ್ತ್ರಾಣ ಎಲ್ಲಕ್ಕೂ ತಂಡದ ಲಾಂಛನ. ವಾರ್ಷಿಕ ಶುಲ್ಕವೇ ಸಾವಿರಗಳ ಲೆಕ್ಕದಲ್ಲಿ. ಹೋಟೆಲು, ಇಂಧನ, ಊಟ ಪ್ರತ್ಯೇಕ.

ಟ್ರಾವೆಲ್ ತಂಡಗಳ ಗುಣವನ್ನು ಒಪ್ಪಿಕೊಳ್ಳದೆ ಈ ಚರ್ಚೆ ನ್ಯಾಯವಾಗದು. ಆಟದಲ್ಲಿ ನಿಜವಾದ ಒಲವುಳ್ಳ ಮಗುವಿಗೆ ತನ್ನಂತೆಯೇ ಒಲವುಳ್ಳ ಜೊತೆಗಾರರು ಅಲ್ಲಿ ಸಿಗುತ್ತಾರೆ. ಎಸೆತ, ಹಿಡಿತ, ಕಾಲಿನ ಚಲನೆ ಇವುಗಳನ್ನು ಬಲ್ಲವರು ತಿದ್ದುತ್ತಾರೆ. ಮೊಮ್ಮಗನ ಎಡಗೈ ಎಸೆತ ಒಂದೇ ಚಳಿಗಾಲದಲ್ಲಿ ಸುಧಾರಿಸಿದ್ದನ್ನು ಆಟವರಿಯದ ನಾನೂ ಗುರುತಿಸಬಲ್ಲವನಾಗಿದ್ದೆ. ಲ್ಯಾಕ್ರಾಸ್ ಬೇರೂರಿರದ ರಾಜ್ಯಗಳಲ್ಲಂತೂ ಸುತ್ತಲಿನ ನಾಲ್ಕೂರಿನ ಮಕ್ಕಳನ್ನು ಕೂಡಿಸಿಕೊಂಡು ದೂರ ಹೋಗದಿದ್ದರೆ ಎದುರಾಳಿಗಳೇ ಸಿಗುವುದಿಲ್ಲ. ಅಲ್ಲಿ ಪ್ರಯಾಣವೆಂಬುದು ಆಡಂಬರವಲ್ಲ, ಅನಿವಾರ್ಯ.

ಸ್ಥಳೀಯ ಕ್ಲಬ್ಬುಗಳ ಲೋಪಗಳನ್ನೂ ಮುಚ್ಚಿಡಬಾರದು. ತರಬೇತುದಾರನ ಮಗನಿಗೆ ಮೆಚ್ಚಿನ ಸ್ಥಾನ ದೊರೆಯುವುದು, ಅವನ ಗೆಳೆಯರಿಗೆ ಹೆಚ್ಚು ಸರದಿ ಬರುವುದು ಎಲ್ಲ ಕಡೆಯೂ ಕೇಳಿಬರುವ ದೂರು. ಕೆಲವು ಸ್ವಯಂಸೇವಕರಿಗೆ ನಿಯಮಗಳೇ ಪೂರ್ತಿ ಗೊತ್ತಿರುವುದಿಲ್ಲ. ಓಡಲು ಬೇಸರಪಡುವ ಮಗುವೂ ಓಡಿ ದಣಿಯದ ಮಗುವೂ ಒಂದೇ ಸಾಲಿನಲ್ಲಿ ನಿಂತಾಗ ಇಬ್ಬರಿಗೂ ಅಷ್ಟು ಹಿತವಾಗದು. ಸರ್ಕಾರಿ ವ್ಯವಸ್ಥೆಯೊಳಗೇ ವೃತ್ತಿಜೀವನ ಕಳೆದ ನನಗೆ, ಎಲ್ಲರನ್ನೂ ಒಳಗೊಳ್ಳುವ ವ್ಯವಸ್ಥೆ ಎಷ್ಟು ಸುಲಭವಾಗಿ ಉದಾಸೀನಕ್ಕೆ ಜಾರುತ್ತದೆಂಬುದು ತಿಳಿಯದ ವಿಷಯವೇನಲ್ಲ.

ಆದರೂ ವೆಚ್ಚದ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಆಸ್ಪೆನ್ ಇನ್‌ಸ್ಟಿಟ್ಯೂಟ್ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಜೊತೆಗೂಡಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಒಂದು ಮಗುವಿನ ಒಂದು ಆಟಕ್ಕೆ ಕುಟುಂಬವೊಂದು ವರ್ಷಕ್ಕೆ ಸರಾಸರಿ 693 ಡಾಲರ್ ವೆಚ್ಚ ಮಾಡುತ್ತಿತ್ತು. ಲ್ಯಾಕ್ರಾಸ್‌ಗೆ ಬಂದರೆ ಈ ಮೊತ್ತ 1,289 ಡಾಲರ್. ಮಗುವಿನ ಮುಖ್ಯ ಆಟವೊಂದಕ್ಕೆ ತಗಲುವ ವೆಚ್ಚ 2024ರ ವೇಳೆಗೆ ಸರಾಸರಿ 1,016 ಡಾಲರಿಗೆ ಏರಿತೆಂದು ಅದೇ ಸಂಸ್ಥೆಯ ಮತ್ತೊಂದು ಸಮೀಕ್ಷೆ ಹೇಳುತ್ತದೆ. ಇವು ಸರಾಸರಿಗಳು; ಸ್ಥಳೀಯ ಕ್ಲಬ್ಬಿನ ಮಕ್ಕಳೂ ಟ್ರಾವೆಲ್ ತಂಡದ ಮಕ್ಕಳೂ ಇವುಗಳಲ್ಲಿ ಸೇರಿದ್ದಾರೆ. ಟ್ರಾವೆಲ್ ತಂಡದ ಕುಟುಂಬದ ನಿಜವಾದ ಲೆಕ್ಕ ಇದರ ಹಲವು ಪಟ್ಟು.

ಹಳೆಯ ಅಭ್ಯಾಸಬಲದಿಂದ ಜೂನ್ ತಿಂಗಳ ಒಂದು ವಾರಾಂತ್ಯದ ಲೆಕ್ಕವನ್ನು ನಾನೇ ಬರೆದಿಟ್ಟುಕೊಂಡೆ. ಶುಕ್ರವಾರ ಸಂಜೆ ಹೊರಟು ನ್ಯೂಜೆರ್ಸಿಗೆ ಹೋದೆವು. ಎರಡು ರಾತ್ರಿ ಹೋಟೆಲ್ ವಾಸ, ನಾಲ್ಕು ಪಂದ್ಯಗಳು. ಪ್ರತಿ ಪಂದ್ಯ ಇಪ್ಪತ್ತು ನಿಮಿಷಗಳ ಎರಡು ಅವಧಿ, ಗಡಿಯಾರ ನಿಲ್ಲುವುದಿಲ್ಲ. ಒಟ್ಟು 160 ನಿಮಿಷಗಳ ಆಟದಲ್ಲಿ ಮಧ್ಯಕ್ಷೇತ್ರದ ಆಟಗಾರರು ಮೂರು ಸರದಿಯಲ್ಲಿ ಇಳಿಯುವುದರಿಂದ ಮೊಮ್ಮಗ ಅಂಗಣದಲ್ಲಿದ್ದುದು ಸುಮಾರು 55 ನಿಮಿಷ. ಕಾರಿನಲ್ಲಿ ಆರು ಗಂಟೆ, ಪಂದ್ಯಗಳ ನಡುವೆ ಬಿಸಿಲಿನಲ್ಲಿ ಏಳು ಗಂಟೆ. ತಂಡದ ವಾರ್ಷಿಕ ಶುಲ್ಕವನ್ನು ಬಿಟ್ಟು ಆ ವಾರಾಂತ್ಯಕ್ಕೆ ಆದ ಖರ್ಚು 700 ಡಾಲರ್. ಎಂದರೆ ಆಟದ ನಿಮಿಷವೊಂದಕ್ಕೆ ಹತ್ತಿರ ಹತ್ತಿರ 13 ಡಾಲರ್. ಹಿಂದಿನ ವರ್ಷ ಬಡಾವಣೆಯ ತಂಡದಲ್ಲಿ ಎಂಟು ಪಂದ್ಯಗಳಲ್ಲಿ ತಲಾ ಇಪ್ಪತ್ತು ನಿಮಿಷ ಆಡಿದ್ದನೆಂದು ಅಳಿಯ ಹೇಳಿದರು. 180 ಡಾಲರಿಗೆ 160 ನಿಮಿಷ. ನಿಮಿಷಕ್ಕೆ ಒಂದು ಡಾಲರಿಗಿಂತ ತುಸು ಹೆಚ್ಚು. ಹತ್ತು ವರ್ಷದ ಮಗು ಆಟವನ್ನು ಕಲಿಯುವುದು ಆಡುವುದರಿಂದಲೇ ಎಂದಾದರೆ, ಈ ವ್ಯತ್ಯಾಸಕ್ಕೆ ಸಮರ್ಥನೆ ಬೇಕಾಗುತ್ತದೆ.

ಪೋಷಕರು ಸಾಮಾನ್ಯವಾಗಿ ಕೊಡುವ ಸಮರ್ಥನೆ ಕಾಲೇಜಿನ ವಿದ್ಯಾರ್ಥಿವೇತನ. ಅದನ್ನೂ ಲೆಕ್ಕಕ್ಕಿಟ್ಟು ನೋಡೋಣ. ಪ್ರೌಢಶಾಲೆಯಲ್ಲಿ ಲ್ಯಾಕ್ರಾಸ್ ಆಡುವ ಬಾಲಕರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ ವ್ಯಾಪ್ತಿಯ ಕಾಲೇಜು ತಂಡಗಳನ್ನು ತಲಪುವವರು ನೂರಕ್ಕೆ ಸುಮಾರು 13; ಅತ್ಯುನ್ನತವಾದ ಒಂದನೇ ವಿಭಾಗವನ್ನು ತಲಪುವವರು ಸುಮಾರು ಮೂವರು. ಮೂರನೇ ವಿಭಾಗದ ಕಾಲೇಜುಗಳಾಗಲಿ, ಹಾರ್ವರ್ಡ್, ಯೇಲ್ ಸೇರಿರುವ ಐವಿ ಲೀಗ್ ಆಗಲಿ ಕ್ರೀಡೆಗೆಂದು ವಿದ್ಯಾರ್ಥಿವೇತನ ಕೊಡುವುದೇ ಇಲ್ಲ. ಒಂದನೇ ವಿಭಾಗದ ಪುರುಷರ ತಂಡವೊಂದಕ್ಕೆ ಬಹುಕಾಲ ಇದ್ದ ಮಿತಿ 12.6 ಪೂರ್ಣ ವಿದ್ಯಾರ್ಥಿವೇತನಗಳು. ಅದನ್ನು ನಲವತ್ತೆಂಟು ಆಟಗಾರರಿಗೆ ಹಂಚಿದರೆ ತಲೆಗೆ ಕಾಲು ಭಾಗ. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದ ಬಳಿಕ, ಅದಕ್ಕೆ ಒಳಪಟ್ಟ ವಿಶ್ವವಿದ್ಯಾಲಯಗಳಿಗೆ ಈ ಮಿತಿ ಹೋಗಿ ತಂಡದ ಗಾತ್ರಕ್ಕೆ 48ರ ಮಿತಿ ಬಂದಿದೆ. ಹೆಚ್ಚು ಕೊಡಲು ಅನುಮತಿ ಸಿಕ್ಕಿದೆಯೇ ಹೊರತು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ.

ಈಗ ಒಂದು ಅಂದಾಜು. ಹತ್ತನೆಯ ವಯಸ್ಸಿನಿಂದ ಎಂಟು ವರ್ಷ, ವರ್ಷಕ್ಕೆ ನಾಲ್ಕು ಸಾವಿರ ಡಾಲರಿನಂತೆ ಖರ್ಚು ಮಾಡಿದರೆ 32,000 ಡಾಲರ್. ವರ್ಷಕ್ಕೆ 80,000 ಡಾಲರ್ ವೆಚ್ಚವಾಗುವ ವಿಶ್ವವಿದ್ಯಾಲಯದಲ್ಲಿ ಕಾಲು ಭಾಗದ ವಿದ್ಯಾರ್ಥಿವೇತನ ನಾಲ್ಕು ವರ್ಷ ದೊರೆತರೆ ಅದೂ 80,000 ಡಾಲರೇ ಆಯಿತು. ನೂರಕ್ಕೆ ಮೂರರ ಸಂಭವದಿಂದ ಗುಣಿಸಿದರೆ ಬರುವ ಮೌಲ್ಯ 2,400 ಡಾಲರ್. ಟ್ರಾವೆಲ್ ತಂಡದ ಹುಡುಗನ ಸಂಭವ ಸಾಮಾನ್ಯನಿಗಿಂತ ಮೂರು ಪಟ್ಟು ಎಂದಿಟ್ಟುಕೊಂಡರೂ 7,200. ಹೂಡಿಕೆಯೆಂದು ನೋಡಿದರೆ ಇದರಷ್ಟು ನಷ್ಟದ ಹೂಡಿಕೆ ಅಪರೂಪ. ಆಟದ ಸಂತೋಷಕ್ಕಾಗಿ ಮಾಡಿದ ಖರ್ಚೆಂದರೆ ಅದು ಬೇರೆ ಮಾತು. ಪ್ರತಿಷ್ಠಿತ ಕಾಲೇಜಿನ ಪ್ರವೇಶಕ್ಕೆ ಆಟ ನೆರವಾಗುತ್ತದೆಂಬ ವಾದದಲ್ಲಿ ಹುರುಳಿದೆ. ಆದರೆ ಅಲ್ಲಿಯೂ ಸೀಟುಗಳ ಸಂಖ್ಯೆ ಗೊತ್ತುಪಡಿಸಿದ್ದೇ. ಹೆಚ್ಚು ಕುಟುಂಬಗಳು ಹೆಚ್ಚು ಖರ್ಚು ಮಾಡಿದುದರಿಂದ ಸೀಟುಗಳು ಹೆಚ್ಚುವುದಿಲ್ಲ.

ಅರ್ಥಶಾಸ್ತ್ರಜ್ಞ ಫ್ರೆಡ್ ಹಿರ್ಷ್ 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ವಸ್ತುಗಳನ್ನು ಪ್ರತ್ಯೇಕವಾಗಿ ಗುರುತಿಸಿದರು. ಇವುಗಳ ಬೆಲೆಯಿರುವುದು ಇತರರಿಗಿಂತ ನಾವು ಮುಂದಿದ್ದೇವೆಯೇ ಎಂಬುದರಲ್ಲಿ. ನಮ್ಮ ರಥೋತ್ಸವಗಳನ್ನು ನೆನೆದರೆ ವಿಷಯ ಸ್ಪಷ್ಟವಾಗುತ್ತದೆ. ತೇರು ಕಾಣಲೆಂದು ಮುಂದಿನ ಸಾಲಿನವನು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಹಿಂದಿನವನೂ ಕೂರಿಸಿಕೊಳ್ಳಲೇಬೇಕು. ಕೊನೆಗೆ ಎಲ್ಲರ ಹೆಗಲೂ ನೋಯುತ್ತದೆ; ತೇರು ಮೊದಲು ಕಂಡಷ್ಟೇ ಕಾಣುತ್ತದೆ. ಹೆಗಲಿಗೆ ಏರಿಸಿಕೊಳ್ಳುವವರಿಲ್ಲದ ಮಗುವಿಗೆ ಮಾತ್ರ ಏನೂ ಕಾಣುವುದಿಲ್ಲ. ಟ್ರಾವೆಲ್ ತಂಡಗಳ ಆಯ್ಕೆಯ ವಯಸ್ಸು ಹದಿನಾಲ್ಕರಿಂದ ಹನ್ನೆರಡಕ್ಕೆ, ಅಲ್ಲಿಂದ ಹತ್ತು, ಎಂಟಕ್ಕೆ ಇಳಿಯುತ್ತಿರುವುದರ ಹಿಂದೆ ಇರುವುದು ಇದೇ ತರ್ಕ.

ಹೀಗೆ ಹೊರಟುಹೋಗುವವರು ತಮ್ಮ ಶುಲ್ಕವನ್ನಷ್ಟೇ ಕೊಂಡೊಯ್ಯುವುದಿಲ್ಲ. ಸಂಸ್ಥೆಯೊಂದು ಸೊರಗತೊಡಗಿದಾಗ ಸದಸ್ಯರಿಗೆ ಎರಡು ದಾರಿಗಳಿವೆ ಎಂದು ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ವಿವರಿಸಿದರು: ಬಿಟ್ಟುಹೋಗುವುದು, ಇಲ್ಲವೇ ಒಳಗಿದ್ದು ದನಿಯೆತ್ತಿ ಸರಿಪಡಿಸುವುದು. ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರೇ ಮೊದಲು ಬಿಟ್ಟುಹೋದರೆ ದನಿಯೆತ್ತುವವರು ಉಳಿಯುವುದಿಲ್ಲ. ಮಗಳ ಬಡಾವಣೆಯಲ್ಲಿ ಆದದ್ದು ಅಕ್ಷರಶಃ ಇದೇ. ಮೂರು ವರ್ಷ ಸಂಬಳವಿಲ್ಲದೆ ತರಬೇತಿ ಕೊಟ್ಟ ತಂದೆಯೊಬ್ಬರು ತಮ್ಮ ಮಗನೊಡನೆ ಟ್ರಾವೆಲ್ ತಂಡದ ಕಡೆ ಹೋದರು. ಅಂಗಣಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದವರು, ಹಣಕಾಸಿನ ಲೆಕ್ಕ ಬರೆಯುತ್ತಿದ್ದವರು ಅವರನ್ನು ಹಿಂಬಾಲಿಸಿದರು. ಉಳಿದ ತಂಡ ದುರ್ಬಲವಾಯಿತು. ದುರ್ಬಲವಾದುದನ್ನು ಕಂಡು ಇನ್ನಷ್ಟು ಮಂದಿ ಹೊರಟರು. ನಮ್ಮ ಸರ್ಕಾರಿ ಶಾಲೆಗಳಿಂದ ಅಧಿಕಾರಿಗಳ ಮಕ್ಕಳೂ ಶಿಕ್ಷಕರ ಮಕ್ಕಳೂ ಹೊರನಡೆದ ಮೇಲೆ ಆದ ಕಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿಭೆ ಹಣವುಳ್ಳವರ ಮನೆಯಲ್ಲೇ ಹುಟ್ಟುತ್ತದೆಂಬ ಭ್ರಮೆಯನ್ನು ಬಾಲ್ಟಿಮೋರಿನ ಚರಿತ್ರೆಯೇ ಅಳಿಸುತ್ತದೆ. ಕರಿಯ ವಿದ್ಯಾರ್ಥಿಗಳಿಗಾಗಿ ಬೆಳೆದು ಬಂದ ಅಲ್ಲಿನ ಮಾರ್ಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1975ರಲ್ಲಿ ಬಲಿಷ್ಠವಾದ ವಾಷಿಂಗ್ಟನ್ ಅಂಡ್ ಲೀ ತಂಡವನ್ನು ಸೋಲಿಸಿ ಆಟದ ಲೋಕವನ್ನು ಬೆರಗುಗೊಳಿಸಿತ್ತು. 2011ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ ಬಾಲ್ಟಿಮೋರಿಗೂ ಬಂದ ಹಾರ್ಲೆಮ್ ಲ್ಯಾಕ್ರಾಸ್ ಎಂಬ ಸೇವಾ ಸಂಸ್ಥೆ ಸಾರ್ವಜನಿಕ ಶಾಲೆಗಳೊಳಗೇ ಆಟವನ್ನೂ ಪಾಠವನ್ನೂ ಒಟ್ಟಿಗೆ ನಡೆಸುತ್ತಿದೆ. ಬಾಗಿಲು ತೆರೆದರೆ ಮಕ್ಕಳು ಬರುತ್ತಾರೆ. ಬಾಗಿಲಲ್ಲೇ ಸಾವಿರಾರು ಡಾಲರ್ ಕೇಳಿದರೆ ಬರುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ದೇಹದ ಪ್ರಶ್ನೆಯೂ ಇದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ವರದಿ, ಸುಮಾರು 15 ಅಥವಾ 16ನೇ ವಯಸ್ಸಿನವರೆಗೆ ಒಂದೇ ಆಟಕ್ಕೆ ಕಟ್ಟುಬೀಳದಿರುವುದು ಲೇಸೆಂದು ಹೇಳಿತು. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಬೇಕೆಂದೂ ಸಲಹೆ ಮಾಡಿತು. ಸ್ಥಳೀಯ ಕ್ಲಬ್ಬಿನ ಋತುಮಾನ ಈ ಬಿಡುವನ್ನು ತಾನಾಗಿಯೇ ಕೊಡುತ್ತದೆ. ಟ್ರಾವೆಲ್ ತಂಡದ ಪಂಚಾಂಗದಲ್ಲಿ ಅದನ್ನು ಹುಡುಕಿ ತೆಗೆಯಬೇಕು.

ಇದೆಲ್ಲದರ ಹಿಂದೆ ದೊಡ್ಡ ವ್ಯಾಪಾರವಿದೆ. ಹಲವು ಟೂರ್ನಿಗಳಲ್ಲಿ ಸಂಘಟಕರು ಗೊತ್ತುಪಡಿಸಿದ ಹೋಟೆಲಿನಲ್ಲೇ ತಂಗಬೇಕು. ಬೇರೆಡೆ ಉಳಿದರೆ ತಂಡಕ್ಕೆ ಪ್ರವೇಶವಿಲ್ಲ. ಸ್ಥಳೀಯ ಆಡಳಿತಗಳೂ ಹೋಟೆಲ್ ತೆರಿಗೆಯ ಆಸೆಗೆ ಭಾರಿ ಕ್ರೀಡಾಸಂಕೀರ್ಣಗಳನ್ನು ಕಟ್ಟುತ್ತಿವೆ. ಹತ್ತಾರು ಕ್ಲಬ್ಬುಗಳನ್ನು ಕೊಂಡು ಒಂದೇ ಕಂಪನಿಯಡಿ ತರುವ ಬಂಡವಾಳಗಾರರೂ ಹುಟ್ಟಿಕೊಂಡಿದ್ದಾರೆ. ವ್ಯಾಪಾರ ತಪ್ಪಲ್ಲ. ಆದರೆ ಸಾರ್ವಜನಿಕ ಹಣದಿಂದ ಬೆಳೆಸಿದ ಹುಲ್ಲಿನ ಮೇಲೆ, ಸಂಜೆಯ ಒಳ್ಳೆಯ ವೇಳೆಯಲ್ಲಿ, ಶುಲ್ಕ ಕೊಟ್ಟ ಮಕ್ಕಳಷ್ಟೇ ಆಡುವುದಾದರೆ ಅದನ್ನು ಪ್ರಶ್ನಿಸಲೇಬೇಕು.

ಈ ಪೈಪೋಟಿಯನ್ನು ತಡೆಯಲು ಯಾರಿಂದಲೂ ಆಗದೆಂಬ ಮಾತನ್ನು ಒಪ್ಪಲಾರೆ. ಲ್ಯಾಕ್ರಾಸ್‌ನಲ್ಲೇ ಅದಕ್ಕೆ ದೃಷ್ಟಾಂತವಿದೆ. ಒಂಬತ್ತನೆಯ ತರಗತಿಯ, ಕೆಲವೊಮ್ಮೆ ಎಂಟನೆಯ ತರಗತಿಯ ಮಕ್ಕಳೇ ವಿಶ್ವವಿದ್ಯಾಲಯಗಳಿಗೆ ಮಾತು ಕೊಟ್ಟುಬಿಡುವ ಪರಿಸ್ಥಿತಿ ಒಂದು ಕಾಲದಲ್ಲಿತ್ತು. ಯಾವ ತರಬೇತುದಾರನಿಗೂ ಅದು ಇಷ್ಟವಿರಲಿಲ್ಲ; ತಾನೊಬ್ಬನೇ ನಿಲ್ಲಿಸಿದರೆ ಪ್ರತಿಸ್ಪರ್ಧಿ ಮುಂದಾಗುತ್ತಾನೆಂಬ ಭಯದಿಂದ ಯಾರೂ ನಿಲ್ಲಿಸಲಿಲ್ಲ. 2017ರಲ್ಲಿ ತರಬೇತುದಾರರ ಸಂಘಗಳೇ ಮುಂದಾಗಿ ಕೇಳಿಕೊಂಡ ಮೇಲೆ, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕಿಂತ ಮೊದಲು ವಿದ್ಯಾರ್ಥಿಯೊಡನೆ ಸಂಪರ್ಕವೇ ಕೂಡದೆಂದು ಎನ್‌ಸಿಎಎ ನಿಯಮ ಮಾಡಿತು. ಒಬ್ಬೊಬ್ಬರಿಂದ ಆಗದ ಸಂಯಮ ಎಲ್ಲರಿಗೂ ಅನ್ವಯಿಸುವ ನಿಯಮದಿಂದ ಸಾಧ್ಯವಾಯಿತು. ನಾರ್ವೆ ದೇಶ 1987ರಲ್ಲೇ ಕ್ರೀಡೆಯಲ್ಲಿ ಮಕ್ಕಳ ಹಕ್ಕುಗಳನ್ನು ಕುರಿತ ನಿಯಮಗಳನ್ನು ತಂದಿತು. ಚಿಕ್ಕ ಮಕ್ಕಳ ಪಂದ್ಯಗಳಿಗೆ ಶ್ರೇಯಾಂಕ ಪಟ್ಟಿಯಿಲ್ಲ. ಹದಿಮೂರರೊಳಗಿನವರಿಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಇದರಿಂದ ಆ ದೇಶದ ಕ್ರೀಡೆ ಕುಸಿಯಲಿಲ್ಲ. 2018 ಮತ್ತು 2022ರ ಚಳಿಗಾಲದ ಒಲಿಂಪಿಕ್ಸ್‌ಗಳೆರಡರಲ್ಲೂ ಪದಕ ಪಟ್ಟಿಯ ಮೊದಲ ಸ್ಥಾನ ನಾರ್ವೆಯದೇ.

ಕೌಂಟಿ ಆಡಳಿತಗಳು ಮಾಡಬಹುದಾದ ಕೆಲಸಗಳು ಕಷ್ಟದವೇನಲ್ಲ. ಮೊದಲನೆಯದಾಗಿ, ಸಾರ್ವಜನಿಕ ಮೈದಾನಗಳ ಹಂಚಿಕೆಯಲ್ಲಿ ಸ್ಥಳೀಯ ಕ್ಲಬ್ಬುಗಳಿಗೆ ಮೊದಲ ಹಕ್ಕಿರಲಿ. ಟ್ರಾವೆಲ್ ತಂಡಗಳು ಮಾರುಕಟ್ಟೆಯ ದರದ ಬಾಡಿಗೆ ಕೊಡಲಿ, ಆ ಹಣ ಸ್ಥಳೀಯ ಕ್ಲಬ್ಬುಗಳ ಸಲಕರಣೆಗೆ ವಿನಿಯೋಗವಾಗಲಿ. ಎರಡನೆಯದಾಗಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ವಸಂತ ಋತುವನ್ನು ಬಡಾವಣೆಯ ತಂಡಗಳಿಗೆ ಮೀಸಲಿಡಲಿ. ಸಾರ್ವಜನಿಕ ಮೈದಾನ ಬಳಸುವ ಟ್ರಾವೆಲ್ ತಂಡ, ತನ್ನ ಚಿಕ್ಕ ಆಟಗಾರರು ಸ್ಥಳೀಯ ಕ್ಲಬ್ಬಿನಲ್ಲೂ ಆಡುತ್ತಿರುವುದನ್ನು ಖಾತರಿಪಡಿಸಲಿ. ಮೂರನೆಯದಾಗಿ, ಶುಲ್ಕ ಎಲ್ಲಿ ಹೋಗುತ್ತದೆ, ಹೋಟೆಲುಗಳಿಂದ ಬರುವ ಕಮಿಷನ್ ಎಷ್ಟು ಎಂಬ ವಿವರವನ್ನು ಪೋಷಕರ ಮುಂದಿಡುವುದು ಕಡ್ಡಾಯವಾಗಲಿ. ನಾಲ್ಕನೆಯದಾಗಿ, ಸ್ವಯಂಸೇವಕ ತರಬೇತುದಾರರಿಗೆ ಶಿಕ್ಷಣವನ್ನೂ ಸ್ವಲ್ಪ ಗೌರವಧನವನ್ನೂ ಕೊಡಲಿ. ಹದಿಮೂರರ ಬಳಿಕ ಒಲವೂ ಸಾಮರ್ಥ್ಯವೂ ಇರುವವರು ದೂರದ ಪಂದ್ಯಗಳಿಗೆ ಹೋಗಲಿ. ಆಗ ಅದು ಮಗುವಿನ ಆಯ್ಕೆಯೂ ಆಗಿರುತ್ತದೆ.

ಅಲ್ಲಿರುವ ಕನ್ನಡಿಗ ಕುಟುಂಬಗಳ ವಿಚಾರವಾಗಿಯೂ ಒಂದು ಮಾತು. ನೆಲೆ ಬದಲಿಸಿ ಹೋದವರಿಗೆ ಮಕ್ಕಳು ಎಲ್ಲಿ ಹಿಂದೆ ಬೀಳುವರೋ ಎಂಬ ಆತಂಕ ಹೆಚ್ಚು. ನೆರೆಯವರು ಮಾಡಿದ್ದನ್ನು ಮಾಡದಿದ್ದರೆ ತಪ್ಪಿತಸ್ಥ ಭಾವ. ಇದನ್ನು ಹಾಸ್ಯ ಮಾಡಲಾರೆ. ಬೆಂಗಳೂರಿನಲ್ಲಿ ಕುಳಿತೇ ನಾನು ಅದಕ್ಕೆ ಗುರಿಯಾದೆ. ಆದರೆ ಅದರ ಬೆಲೆ ಡಾಲರುಗಳಲ್ಲಿ ಮುಗಿಯುವುದಿಲ್ಲ. ಟೂರ್ನಿಗಳ ತಿಂಗಳುಗಳಾದ ಜೂನ್, ಜುಲೈಗಳೇ ಅಲ್ಲಿನ ಶಾಲೆಗಳಿಗೆ ರಜೆಯ ಕಾಲ. ಮಕ್ಕಳು ಊರಿಗೆ ಬರುತ್ತಿದ್ದ ಕಾಲ. ಕಳೆದ ಬೇಸಿಗೆಯಲ್ಲಿ ಮೊಮ್ಮಗ ಬೆಂಗಳೂರಿಗೆ ಬರಲಿಲ್ಲ. ಅಜ್ಜಿಯೊಡನೆ ಕನ್ನಡದಲ್ಲಿ ಜಗಳವಾಡುವುದಕ್ಕೆ ಅವನಿಗೆ ದೊರೆಯುತ್ತಿದ್ದ ಆರು ವಾರಗಳು ಹೆದ್ದಾರಿಗಳಲ್ಲಿ ಕಳೆದುಹೋದವು.

ನಾವು ಇಲ್ಲಿಂದ ಬೆರಳು ತೋರಿಸುವ ಹಾಗೂ ಇಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಪಾಲಿಕೆಯ ಮೈದಾನಗಳ ಒಂದು ಮೂಲೆಗೆ ಬಲೆ ಕಟ್ಟಿ ಶುಲ್ಕ ವಸೂಲು ಮಾಡುವ ಕ್ರಿಕೆಟ್ ತರಬೇತಿ ಶಿಬಿರಗಳು, ಅದರಾಚೆ ನಿಂತು ನೋಡುವ ಮಕ್ಕಳು ನಮಗೆ ಪರಿಚಿತ ದೃಶ್ಯವೇ. ಮೈದಾನ ಯಾರಿಗೆ, ಯಾವ ಹೊತ್ತಿಗೆ, ಯಾವ ದರಕ್ಕೆ ಎಂಬ ಪ್ರಶ್ನೆಯನ್ನು ನಮ್ಮ ವಾರ್ಡುಗಳಲ್ಲೂ ಕೇಳುವ ಕಾಲ ಬಂದಿದೆ.

ಮಗಳೂ ಅಳಿಯನೂ ಈ ವರ್ಷ ಬೇರೆ ತೀರ್ಮಾನ ಮಾಡಿದರು. ಟ್ರಾವೆಲ್ ತಂಡವನ್ನು ಬಿಟ್ಟು ಮೊಮ್ಮಗನ ಹೆಸರನ್ನು ಬಡಾವಣೆಯ ಹನ್ನೆರಡು ವರ್ಷದೊಳಗಿನವರ ತಂಡಕ್ಕೆ ಕೊಟ್ಟರು. ಆಟದ ಗಂಧವಿಲ್ಲದ ಅಳಿಯ ಸಹಾಯಕ ತರಬೇತುದಾರರಾಗಿ ಸೇರಿ, ನಿಯಮ ಪುಸ್ತಕ ಓದುತ್ತಿದ್ದಾರೆ. ಇನ್ನೂ ಮೂರು ಕುಟುಂಬಗಳು ಮರಳಿದವು. ಹದಿನಾಲ್ಕು ಮಕ್ಕಳ ತಂಡವೊಂದು ಕೂಡಿಬಂದು ಈ ವಸಂತದಲ್ಲಿ ಆಡಿತು. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಎದುರುಮನೆಯ ಹುಡುಗ ಮಾತ್ರ ಬರಲಿಲ್ಲ. ಒಂದು ವರ್ಷ ಕೋಲು ಮುಟ್ಟದೆ ಇದ್ದವನಿಗೆ ಈಗ ಆ ಆಟ ಬೇಡವಾಗಿದೆಯಂತೆ. ಅವನ ಹೆಸರಿಗೊಂದು ಜಾಗ ಬಿಟ್ಟಿರುವಂತೆ ಅಳಿಯನಿಗೆ ಹೇಳಿದ್ದೇನೆ. ಬುದ್ಧಿ ಹೇಳುವ ಚಾಳಿ ನನಗಿನ್ನೂ ಹೋಗಿಲ್ಲ. ಈ ಸಲದ ಬುದ್ಧಿಮಾತಿಗೆ ಖರ್ಚೇನೂ ಇಲ್ಲ.